ಬಿಚ್ಚದ ಗಂಟಿನ ಸೋಪು

ಕುವಾನೊ ತೊಮೆಜಿ ಹೇಳಿದ ಸುಳ್ಳು ಒಂದೇ ಒಂದು ಪದದ್ದು. ಉಡುಗೊರೆ ಅಂಗಡಿಯ ಹುಡುಗಿ ಕೇಳಿದ ಪ್ರಶ್ನೆಗೆ ಅವನು "ಪೂರ್ತಿ" ಎಂದ, ಅಷ್ಟೇ. ಅಷ್ಟಕ್ಕೇ ನಮ್ಮ ಬಂದರು ಕೇರಿಯ ಜನ, ಮೀನಿನ ಕಾರ್ಖಾನೆಯ ಯಜಮಾನರು, ಕೊನೆಗೆ ಸರಕಾರ ಕೂಡ ಓಡಾಡಬೇಕಾಯಿತು. ಮಣಗಟ್ಟಲೆ ಸುಳ್ಳು ಹೇಳಿ ಗೊರಕೆ ಹೊಡೆದು ಮಲಗುವವರನ್ನು ನಾವು ನೋಡಿಲ್ಲವೆ? ತೊಮೆಜಿಗೆ ಆ ಭಾಗ್ಯ ಇರಲಿಲ್ಲ.

ತೊಮೆಜಿ ಹಿರುಮಾ ಯಜಮಾನರ ಕಾಮಾಬೊಕೊ ಕಾರ್ಖಾನೆಯಲ್ಲಿ ಹಬೆ ವಿಭಾಗದ ಕೆಲಸಗಾರ. ಮೀನನ್ನು ನುಣ್ಣಗೆ ರುಬ್ಬಿ, ಅಂಗೈಯಗಲದ ಹಲಗೆಯ ಮೇಲೆ ಗುಪ್ಪೆಯಾಗಿ ಮೆತ್ತಿ, ಹಬೆಯಲ್ಲಿ ಬೇಯಿಸುವುದು ಅಲ್ಲಿನ ಕಸುಬು. ರುಬ್ಬಿದ ಮೀನು ನೆಲಕ್ಕೆ ಬಿದ್ದರೆ ಬೆಣ್ಣೆಯ ಹಾಗೆ ಜಾರುತ್ತದೆ. ಶರತ್ಕಾಲದ ಒಂದು ಬೆಳಗ್ಗೆ ತೊಮೆಜಿ ಹಲಗೆಗಳ ಅಟ್ಟಿಯನ್ನು ಗಲ್ಲದವರೆಗೆ ಏರಿಸಿಕೊಂಡು ಬರುತ್ತಿದ್ದವನು ಅದರ ಮೇಲೆ ಕಾಲಿಟ್ಟ. ಬೇರೆ ಯಾರೇ ಆಗಿದ್ದರೂ ಹಲಗೆ ಬಿಸಾಕಿ ಕೈ ಊರುತ್ತಿದ್ದರು. ತೊಮೆಜಿ ಬಿಡಲಿಲ್ಲ. ಒಂದು ಹಲಗೆಯೂ ನೆಲ ಮುಟ್ಟಲಿಲ್ಲ. ತೊಮೆಜಿ ಮಾತ್ರ ಇಡಿಯಾಗಿ ಮುಟ್ಟಿದ. ಯಜಮಾನರು ಓಡಿಬಂದು, ಹಲಗೆ ಬಿಡಯ್ಯಾ ಎಂದು ಬೇಡಿಕೊಂಡರೂ ಅವನು ಬಿದ್ದಲ್ಲೇ ಅದನ್ನು ಅವುಚಿಕೊಂಡಿದ್ದನಂತೆ. ಆಂಬುಲೆನ್ಸಿನವರು ಮೊದಲು ಹಲಗೆ ಇಳಿಸಿಕೊಂಡು, ಆಮೇಲೆ ಅವನನ್ನು ಎತ್ತಿಕೊಂಡರು.

ಸೊಂಟದ ಹತ್ತಿರ ಬೆನ್ನಿನ ಒಂದು ಮೂಳೆ ಬಿರುಕು ಬಿಟ್ಟಿತ್ತು. ಡಾಕ್ಟರು ಎದೆಯಿಂದ ಸೊಂಟದವರೆಗೆ ಒಂದು ಗಟ್ಟಿ ಬೆಲ್ಟು ಬಿಗಿದು, ಚಳಿಗಾಲ ಕಳೆಯುವವರೆಗೆ ಭಾರ ಎತ್ತಬಾರದು, ಸೊಂಟ ಬಗ್ಗಿಸಬಾರದು, ಕೆಲಸದ ಮಾತೇ ಎತ್ತಬಾರದು ಎಂದರು. ಎತ್ತಿದರೆ ಮುಂದೆ ನಡೆಯುವುದೇ ಕಷ್ಟವಾದೀತು ಎಂದು ಸೇರಿಸಿದರು. ಕೆಲಸದ ಮೇಲೆ ಬಿದ್ದವನು ಕೆಲಸಕ್ಕೆ ಏಳುವವರೆಗೆ ಸಂಬಳದ ಹೆಚ್ಚು ಪಾಲನ್ನು ಸರಕಾರದ ಕಾರ್ಮಿಕ ವಿಮೆ ಕೊಡುತ್ತದೆ. ತಿಂಗಳಿಗೊಮ್ಮೆ ಅರ್ಜಿಯ ಮೇಲೆ, ಇವನಿಗೆ ಇನ್ನೂ ಕೆಲಸ ಮಾಡಲಾಗದು ಎಂದು ಡಾಕ್ಟರು ಬರೆಯಬೇಕು, ಹೌದು ಎಂದು ಯಜಮಾನರು ಮುದ್ರೆ ಒತ್ತಬೇಕು. ಹೆಂಡತಿ ಫುಸಾಯೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಅರೆದಿನ ದುಡಿದು ತರುತ್ತಿದ್ದುದು ಸೀಮೆಎಣ್ಣೆ ಒಲೆಗೆ ಸರಿಹೋಗುತ್ತಿತ್ತು. ಒಲೆಯ ಮೇಲಿನದಕ್ಕೆಲ್ಲ ಈ ವಿಮೆಯೇ ಗತಿ.

ಆಸ್ಪತ್ರೆಯಲ್ಲಿದ್ದಾಗ ಕೇರಿಯವರು ನೋಡಲು ಬಂದಿದ್ದರು, ಬರಿಗೈಯಲ್ಲಿ ಅಲ್ಲ. ಕೇರಿ ಸಂಘದ ಅಧ್ಯಕ್ಷ ಮುರೊಯಿ ಅವರು ಹತ್ತಿಯ ಮೇಲೆ ಕೂರಿಸಿದ ದುಬಾರಿ ಕರಬೂಜ ತಂದರು. ಯಜಮಾನರು ಲಕೋಟೆ ತಂದರು. ಮಿಕ್ಕವರು ಕಿತ್ತಳೆ, ಬಿಸ್ಕತ್ತು, ಹುರುಳಿ ಸಿಹಿ ತಂದರು. ಕಾಯಿಲೆಯವನು ಮನೆಗೆ ಬಂದ ಮೇಲೆ ಇದಕ್ಕೆಲ್ಲ ಮರು ಉಡುಗೊರೆ ಕೊಡಬೇಕು. ಅದೂ ಬಳಸಿ ಮುಗಿದುಹೋಗುವ ವಸ್ತುವನ್ನೇ ಕೊಡಬೇಕು, ಕಾಯಿಲೆಯೂ ಹಾಗೇ ಕರಗಿಹೋಗಲಿ ಎಂದು. ಮೇಲೆ ಕೆಂಪು ಬಿಳಿ ದಾರದಲ್ಲಿ ಎಳೆದರೆ ಬಿಚ್ಚದಂಥ ಗಂಟು, ಆ ಕಾಯಿಲೆ ಮತ್ತೆ ಬರದಿರಲಿ ಎಂದು. ಫುಸಾಯೆ ಕೆಲಸಕ್ಕೆ ಹೊರಡುವಾಗ ಗಂಡನಿಗೆ ಬಿಡಿಸಿ ಹೇಳಿದ್ದಳು. ಅಂಗಡಿಯಲ್ಲಿ ಎರಡು ಥರದ ಕಾಗದ ಇರುತ್ತದೆ. ಒಂದರ ಮೇಲೆ 'ಪೂರ್ತಿ ಗುಣವಾಯಿತು' ಎಂದಿರುತ್ತದೆ, ಇನ್ನೊಂದರ ಮೇಲೆ 'ನೋಡಲು ಬಂದದ್ದಕ್ಕೆ ವಂದನೆ' ಎಂದು. ನಮಗೆ ಬೇಕಾದ್ದು ಎರಡನೆಯದು. ಇಷ್ಟು ಸಾಕಲ್ಲ, ಇಲ್ಲ ಕೈಮೇಲೆ ಬರೆದುಕೊಡಲೋ ಎಂದೂ ಕೇಳಿದ್ದಳು. ತೊಮೆಜಿ ತಾನೇನು ಮಗುವೆ ಎಂದು ಸಿಡುಕಿ, ಕೋಟು ತೊಟ್ಟು ಹೊರಟ.

ಅಂಗಡಿಯಲ್ಲಿ ಒಳ್ಳೆಯ ಘಮದ ಸೋಪಿನ ಡಬ್ಬಿಗಳನ್ನು ಆರಿಸುವವರೆಗೆ ಎಲ್ಲ ನೆಟ್ಟಗಿತ್ತು. ತೊಮೆಜಿಯೂ ನೆಟ್ಟಗಿದ್ದ, ಒಳಗಿದ್ದ ಬೆಲ್ಟಿನ ದೆಸೆಯಿಂದ. ಆಗ ಹಿಂದಿನಿಂದ ಒಂದು ಹೆಣ್ಣು ದನಿ, ಅಯ್ಯೋ ಇದು ಕುವಾನೊ ಅವರೇನಾ, ಮಿಲಿಟರಿಯವರ ಹಾಗೆ ನಿಂತಿದ್ದೀರಲ್ಲ, ನಮ್ಮ ಮನೆಯವರು ನಿಮ್ಮನ್ನು ನೋಡಿ ಕಲಿಯಬೇಕು ಎಂದಿತು. ಅದು ಮುರೊಯಿ ಅವರ ಹೆಂಡತಿ. ತೊಮೆಜಿಯನ್ನು ಹುಟ್ಟಿದಾರಭ್ಯ ಯಾರೂ ನಿಲುವಿಗಾಗಿ ಹೊಗಳಿರಲಿಲ್ಲ. ಹಬೆಯ ಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಬಗ್ಗಿ ಅವನ ಬೆನ್ನು ಸಿಗಡಿಯ ಬೆನ್ನಾಗಿತ್ತು. ಸರಿಯಾಗಿ ಅದೇ ಹೊತ್ತಿಗೆ ಅಂಗಡಿಯ ಹುಡುಗಿ, ಪೂರ್ತಿ ಗುಣವಾದ ಕಾಗದ ಹಾಕಲೋ, ಬರೀ ವಂದನೆಯ ಕಾಗದ ಹಾಕಲೋ ಎಂದು ಕೇಳಿದಳು.

"ಪೂರ್ತಿ," ಎಂದ ತೊಮೆಜಿ.

ಮುರೊಯಿ ಅವರ ಹೆಂಡತಿ ಸಂತೋಷದಿಂದ ಸೊಂಟದವರೆಗೆ ಬಾಗಿ ಅಭಿನಂದಿಸಿದರು. ತೊಮೆಜಿ ಬಾಗಲಿಲ್ಲ. ಬಾಗಲು ಬೆಲ್ಟು ಬಿಡಬೇಕಲ್ಲ. ಅಲ್ಲಿಂದ ಶುರುವಾಯಿತು ನೋಡಿ.

ಅಂಗಡಿಯ ವ್ಯಾನು ಚುರುಕಿನದು. ಫುಸಾಯೆ ಸಂಜೆ ಮನೆಗೆ ಬರುವಷ್ಟರಲ್ಲಿ ಸೋಪುಗಳೆಲ್ಲ ಊರು ಸೇರಿದ್ದವು. ಬರುವ ದಾರಿಯಲ್ಲೇ ಅವಳಿಗೆ ಅಭಿನಂದನೆಗಳೂ ಸಿಕ್ಕಿದ್ದವು. ಅವಳು ಚಪ್ಪಲಿ ಬಿಟ್ಟು ಒಳಬಂದು, ಕೊಟಾಟ್ಸುವಿನ ಬಿಸಿ ಮೇಜಿನ ಕೆಳಗೆ ಕಾಲು ಚಾಚಿ ಮಲಗಿದ್ದ ಗಂಡನ ತಲೆದೆಸೆಯಲ್ಲಿ ನಿಂತಳು.

"ರೀ, ನೀವು ಗುಣ ಆಗಿದ್ದೀರಂತೆ. ಊರಿಗೆಲ್ಲ ಗೊತ್ತಾಗಿದೆ, ನನಗೊಬ್ಬಳಿಗೆ ಹೇಳಿಲ್ಲ ನೋಡಿ."

"ಬಾಯಿ ತಪ್ಪಿ ಬಂತು ಕಣೇ. ನಾಳೆ ಎಲ್ಲರಿಗೂ ಹೇಳಿಬಿಡ್ತೀನಿ, ಇನ್ನೂ ವಾಸಿ ಆಗಿಲ್ಲ ಅಂತ."

"ಹೇಳಿ, ಹೇಳಿ. ಮುರೊಯಿ ಅವರ ಮನೆ ಬಾಗಿಲಲ್ಲಿ ನಿಂತು, ಇನ್ನೊಂದು ಕರಬೂಜ ಕೊಡಿ ಅಂತ ಕೇಳಿದ ಹಾಗಾಗುತ್ತೆ."

ತೊಮೆಜಿಗೆ ಆಗ ತಲೆಗೆ ಹೋಯಿತು. ಗುಣವಾಯಿತು ಎಂದು ಗಂಟು ಕಟ್ಟಿ ಕೊಟ್ಟವನು ಮತ್ತೆ ಕಾಯಿಲೆ ಎಂದರೆ, ಇಡೀ ಕೇರಿ ಇನ್ನೊಮ್ಮೆ ಹಣ್ಣು ಹೊತ್ತು ಬರಬೇಕು. ಅದೂ ವರ್ಷದ ಕೊನೆಯಲ್ಲಿ, ಎಲ್ಲರ ಕೈ ಬಿಗಿಯಿರುವಾಗ. ಹಾಗೆ ಎರಡನೆಯ ಸಲ ಕರಬೂಜ ಕೀಳುವ ಗಿರಾಕಿ ಎನಿಸಿಕೊಂಡು ನಮ್ಮ ಕೇರಿಯಲ್ಲಿ ಬಾಳುವುದುಂಟೆ? ಗಂಡಹೆಂಡಿರು ಕೂತು ಯೋಚಿಸಿ, ಚಳಿ ಕಳೆಯುವವರೆಗೆ ಕೇರಿಯ ಕಣ್ಣಿಗೆ ಗುಣವಾದವನಾಗಿ, ಡಾಕ್ಟರ ಮುಂದೆ ಇದ್ದದ್ದು ಇದ್ದ ಹಾಗೆ ಇರುವುದೆಂದು ತೀರ್ಮಾನ ಮಾಡಿದರು. ಇಲ್ಲದ ಕಾಯಿಲೆ ನಟಿಸಿ ವಿಮೆ ತಿನ್ನುವವರು ಲೋಕದಲ್ಲಿ ಇದ್ದಾರೆ. ಇದ್ದ ಕಾಯಿಲೆಯನ್ನು ಮುಚ್ಚಿಟ್ಟು, ಹಕ್ಕಿನ ವಿಮೆಯನ್ನೇ ಕಳ್ಳನ ಹಾಗೆ ತಿನ್ನಲು ಹೊರಟವನು ನಮ್ಮ ತೊಮೆಜಿ ಒಬ್ಬನೇ ಇರಬೇಕು.

ನಡೆಯುವುದು ಕಷ್ಟವಿರಲಿಲ್ಲ, ನಿಲ್ಲುವುದಂತೂ ಬೆಲ್ಟಿನ ಕೆಲಸ. ಕಷ್ಟ ಬಂದದ್ದು ಬಾಗುವುದರಲ್ಲಿ. ನಮ್ಮಲ್ಲಿ ಬಾಗದೆ ಮಾತು ಶುರುವಾಗುವುದಿಲ್ಲ, ಬಾಗದೆ ಮುಗಿಯುವುದೂ ಇಲ್ಲ. ಫೋನಿನಲ್ಲಿ ಮಾತಾಡುವಾಗಲೂ ಗೋಡೆಗೆ ಬಾಗುವ ಜನ ನಾವು. ಬೆಳಗ್ಗೆ ಕಸದ ಚೀಲ ಇಡುವ ಜಾಗದಲ್ಲಿ ನೆರೆಯವರೆಲ್ಲ ಬಾಗಿದರೆ, ತೊಮೆಜಿ ಲಾಂದ್ರದ ಕಂಬದ ಹಾಗೆ ನಿಂತು ಕಣ್ಣು ಮಾತ್ರ ಪಿಳುಕಿಸುತ್ತಿದ್ದ. ಮೊದಮೊದಲು ಕುತ್ತಿಗೆಯನ್ನಷ್ಟೇ ಬಗ್ಗಿಸಿ ನೋಡಿದ. ಅದು ದೊಡ್ಡ ಅಧಿಕಾರಿಗಳು ಜವಾನನಿಗೆ ತಲೆಯಾಡಿಸಿದ ಹಾಗೆ ಕಂಡಿತು. ಮಂಡಿ ಮಡಿಸಿ ಇಳಿದು ನೋಡಿದ. ಮೂಲೆಮನೆಯ ಅಜ್ಜಿ, ಪಾಪ, ಇವರಿಗೆ ಬಚ್ಚಲಿಗೆ ಅವಸರವಿದೆ ಎಂದು ದಾರಿ ಬಿಟ್ಟರು. ಆಮೇಲೆ ಎರಡೂ ಕೈಯಲ್ಲಿ ಏನಾದರೊಂದು ಖಾಲಿ ಪೆಟ್ಟಿಗೆ ಹಿಡಿದುಕೊಂಡೇ ಹೊರಗೆ ಹೋಗತೊಡಗಿದ, ಕೈ ತುಂಬಿದವನು ಬಾಗದಿದ್ದರೂ ನಡೆಯುತ್ತದೆ ಎಂದು. ಜೊತೆಗಿದ್ದರೆ ಫುಸಾಯೆ ಇಬ್ಬರ ಪಾಲಿನದನ್ನೂ ಸೇರಿಸಿ ಬಾಗುತ್ತಿದ್ದಳು. ಹೀಗೇ ಆದರೆ ಮುಂದಿನ ವಿಮೆ ನನಗೆ ಬೇಕಾಗುತ್ತದೆ ಎಂದು ಅವಳು ಮನೆಗೆ ಬಂದು ಸೊಂಟ ನೀವಿಕೊಳ್ಳುವಳು.

ಕೇರಿಯಲ್ಲಿ ಗುಸುಗುಸು ಎದ್ದಿತು. ಗುಣವಾದ ಮೇಲೆ ಕುವಾನೊಗೆ ಸೊಕ್ಕು ಬಂದಿದೆ ಎಂದು ಕ್ಷೌರದಂಗಡಿಯವನು ಹೇಳಿದ್ದು ತೊಮೆಜಿಯ ಕಿವಿಗೂ ಬಿತ್ತು. ಐವತ್ತು ದಾಟಿದರೂ ಇನ್ನೊಬ್ಬರ ಮುಂದೆ ಮೊದಲು ಚಹಾ ಲೋಟ ಎತ್ತಿದವನಲ್ಲ ಅವನು. ಆ ರಾತ್ರಿ ಊಟ ಸೇರಲಿಲ್ಲ ಅವನಿಗೆ.

ಅತ್ತ ಹಿರುಮಾ ಯಜಮಾನರು ಸೋಪಿನ ಡಬ್ಬಿ ಕಂಡು ಹಿಗ್ಗಿಹೋಗಿದ್ದರು. ವರ್ಷದ ಕೊನೆಯೆಂದರೆ ಕಾಮಾಬೊಕೊ ಕಾರ್ಖಾನೆಗೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಹೊಸ ವರ್ಷದ ಊಟದ ಪೆಟ್ಟಿಗೆಯಲ್ಲಿ ಕೆಂಪು ಬಿಳಿ ಕಾಮಾಬೊಕೊ ಇಲ್ಲದ ಮನೆಯೇ ಇಲ್ಲ. ಅವರು ಅವತ್ತೇ ಗಂಟು ಕತ್ತರಿಸಿ, ಸೋಪು ತಿಕ್ಕಿ ಸ್ನಾನ ಮಾಡಿ, ಮೈಯೆಲ್ಲ ಘಮಘಮಿಸಿಕೊಂಡು ಫೋನು ಮಾಡಿದರು. ಹಬೆ ವಿಭಾಗ ನೀನಿಲ್ಲದೆ ಅಳುತ್ತಿದೆ, ಯಾವಾಗ ಬರುತ್ತೀಯಯ್ಯಾ ಎಂದು ಕೇಳಿದರು. ತೊಮೆಜಿ ಗೋಡೆಗೆ ಎದುರಾಗಿ ನೆಟ್ಟಗೆ ನಿಂತು, ನಾನೇನೋ ತಯಾರು, ಆದರೆ ಡಾಕ್ಟರು ಬಿಡುತ್ತಿಲ್ಲ, ಡಾಕ್ಟರುಗಳು ಹಾಗೇ ಅಲ್ಲವೆ ಎಂದು ಒದ್ದಾಡಿದ. ಯಜಮಾನರು ಸಾಧು ಮನುಷ್ಯ, ಹೌದೆಂದು ನಂಬಿದರು. ಆದರೆ ಅವರಲ್ಲಿ ಒಂದು ದೋಷವಿತ್ತು. ಕಂಡದ್ದನ್ನು ಕಂಡ ಹಾಗೆ ಬರೆಯುವ ಚಾಳಿ. ಆ ತಿಂಗಳ ವಿಮೆ ಅರ್ಜಿಗೆ ಮುದ್ರೆ ಒತ್ತುವಾಗ, ಮಾಲೀಕರು ಹೇಳುವುದೇನಾದರೂ ಇದೆಯೆ ಎಂಬ ಖಾಲಿ ಜಾಗ ಕಂಡಿತು. ಇನ್ನೊಬ್ಬರಾಗಿದ್ದರೆ ಏನೂ ಇಲ್ಲ ಎಂದು ಬಿಡುತ್ತಿದ್ದರು. ಇವರು ತಮ್ಮ ದುಂಡು ಅಕ್ಷರದಲ್ಲಿ, 'ಕುವಾನೊ ಅವರು ಪೂರ್ತಿ ಗುಣವಾದ ಸೋಪು ಕಳಿಸಿದ್ದಾರೆ, ಬಹಳ ಒಳ್ಳೆಯ ಸೋಪು' ಎಂದು ಬರೆದು ಕಳಿಸಿದರು.

ಕಾರ್ಮಿಕ ಕಚೇರಿಯಲ್ಲಿ ಈ ಕಾಗದ ಹೋಗಿ ಬಿದ್ದದ್ದು ನಿಶಿಗೊರಿ ಎಂಬ ಹೆಂಗಸಿನ ಮೇಜಿಗೆ. ಡಾಕ್ಟರು ಆಗದು ಅನ್ನುತ್ತಾರೆ, ಮಾಲೀಕರು ಸೋಪು ಅನ್ನುತ್ತಾರೆ. ಸೋಪಿನ ಬಗ್ಗೆ ನಿಯಮಗಳಲ್ಲಿ ಏನೂ ಇರಲಿಲ್ಲ.

ಇಷ್ಟರಲ್ಲಿ ಕೇರಿ ಸಂಘದವರು ಮೋಚಿ ಎಂಬ ಅಕ್ಕಿಮುದ್ದೆ ಕುಟ್ಟುವ ದಿನ ಬಂತು. ಹೊಸ ವರ್ಷಕ್ಕೆ ಮುಂಚೆ ಸಂಘದ ಅಂಗಳದಲ್ಲಿ ಬೆಂದ ಅಂಟಕ್ಕಿಯನ್ನು ದೊಡ್ಡ ಒರಳಿಗೆ ಸುರಿದು, ಉದ್ದ ಹಿಡಿಯ ಮರದ ಕೊಡತಿಯಿಂದ ಕುಟ್ಟಿ ಮೋಚಿ ಮಾಡಿ, ಮನೆಮನೆಗೆ ಹಂಚುವುದು ರೂಢಿ. ಗಂಡಸರು ಕುಟ್ಟುತ್ತಾರೆ. ಏಟಿಗೂ ಏಟಿಗೂ ನಡುವೆ ಹೆಂಗಸೊಬ್ಬಳು ಒದ್ದೆ ಕೈ ಹಾಕಿ ಮುದ್ದೆ ಮಗುಚುತ್ತಾಳೆ. ಮುರೊಯಿ ಅವರು ಮುಂಚಿತವಾಗಿ ಮನೆಗೆ ಬಂದು, ಮುಜುಗರದಿಂದ ಕೆಮ್ಮಿ, ಈ ಸಲ ಮೊದಲ ಏಟು ಗುಣವಾಗಿ ಬಂದ ನಿಮ್ಮದೇ ಆಗಬೇಕು, ಕೇರಿಯ ಆಸೆ ಎಂದರು. ಫುಸಾಯೆ ಹಿಂದಿನಿಂದ ಗಂಡನ ಕೋಟು ಜಗ್ಗಿದಳು. ಬೇಡ ಎಂದರೆ ಗುಣವಾಗಿಲ್ಲ ಎಂದಂತಾಯಿತು, ಇಲ್ಲವೇ ಸೊಕ್ಕು ಎಂದಂತಾಯಿತು. ತೊಮೆಜಿ ಮಿಲಿಟರಿಯವನ ಹಾಗೆ ನಿಂತು, ಆಗಲಿ ಎಂದುಬಿಟ್ಟ.

ಅವತ್ತು ಸರಕಾರಿ ಕಚೇರಿಗಳ ವರ್ಷದ ಕೊನೆಯ ಕೆಲಸದ ದಿನವೂ ಆಗಿತ್ತು. ಅಂಗಳದಲ್ಲಿ ಹಬೆ ಏಳುತ್ತಿತ್ತು, ಮಕ್ಕಳು ಒರಳಿನ ಸುತ್ತ ಸುಳಿಯುತ್ತಿದ್ದರು. ತೊಮೆಜಿ ಅಕ್ಕಿ ಬೇಯಿಸುವ ಪೆಟ್ಟಿಗೆಗಳ ಮರೆಯಲ್ಲಿ ನಿಂತು, ಬೆಲ್ಟನ್ನು ಇನ್ನೊಂದು ತೂತು ಬಿಗಿಮಾಡಿಕೊಳ್ಳುತ್ತಿದ್ದ. ಆಗ ಹಬೆಯ ಆಚೆಗೆ ಒಂದು ಬೂದು ಶಾಲಿನ ಹೆಂಗಸು ಮುರೊಯಿ ಅವರಿಗೆ ಬಾಗಿ, ಕುವಾನೊ ಅವರ ಮನೆ ಯಾವುದು, ಅವರ ಆರೋಗ್ಯ ಹೇಗಿದೆ ಎಂದು ವಿಚಾರಿಸುವುದು ಕಾಣಿಸಿತು. ಆ ಶಾಲು, ಆ ಮೆಲುದನಿ ತೊಮೆಜಿಗೆ ಚೆನ್ನಾಗಿ ಗೊತ್ತು. ಮೊದಲ ಅರ್ಜಿ ಕೊಡಲು ಹೋದಾಗ ಕಿಟಕಿಯಲ್ಲಿ ಕೂತು, ಅವಸರ ಮಾಡದೆ ವಾಸಿ ಮಾಡಿಕೊಳ್ಳಿ ಎಂದು ಹೇಳಿದ ನಿಶಿಗೊರಿಯೇ ಆಕೆ.

ಯಾರೋ ದೂರದ ನೆಂಟಳಿರಬೇಕು ಎಂದು ಮುರೊಯಿ ಅವರು ಕೇರಿಯ ಮಾನ ಕಾಪಾಡಲು ಎದೆ ಉಬ್ಬಿಸಿದರು.

"ಕುವಾನೊ ಸಾನ್ ಬಗ್ಗೆ ಚಿಂತೇನೇ ಬೇಡಿ. ಕಬ್ಬಿಣ, ಕಬ್ಬಿಣ ಇದ್ದ ಹಾಗಿದ್ದಾರೆ. ಈ ಒರಳನ್ನ ಇಲ್ಲಿಗೆ ಎತ್ತಿ ತಂದಿಟ್ಟೋರೇ ಅವರು ಅಂದ್ರೂ ತಪ್ಪಲ್ಲ."

ಕ್ಷೌರದಂಗಡಿಯವನು ಬಾಯಿ ಹಾಕಿ, ಮೊನ್ನೆ ಕುವಾನೊ ಒಂದೊಂದು ತೋಳಲ್ಲಿ ಒಂದೊಂದು ಅಕ್ಕಿಮೂಟೆ ಇಟ್ಟುಕೊಂಡು ಸೇತುವೆ ದಾಟಿದ್ದನ್ನು ಕಣ್ಣಾರೆ ಕಂಡೆ ಎಂದ. ಮೂಲೆಮನೆಯ ಅಜ್ಜಿ, ತನ್ನ ಮಾಡಿನ ಹಿಮ ತೆಗೆಯಲು ಬಂದವರೂ ಅವರೇ ಎಂದರು. ಈ ವರ್ಷ ಇನ್ನೂ ಹಿಮವೇ ಬಿದ್ದಿರಲಿಲ್ಲ. ಒಬ್ಬೊಬ್ಬರು ಒಂದೊಂದು ಹೇಳಿ ತೊಮೆಜಿಯನ್ನು ಭೀಮಸೇನ ಮಾಡುತ್ತಿದ್ದಂತೆ, ಮರೆಯಲ್ಲಿದ್ದ ಭೀಮಸೇನ ಬೆಲ್ಟನ್ನು ಮತ್ತೊಂದು ತೂತು ಬಿಗಿದುಕೊಂಡ. ಕೊಡತಿ ಎತ್ತಿದರೆ ಬೆನ್ನೂ ಹೋಯಿತು, ವಿಮೆಯೂ ಹೋಯಿತು. ಎತ್ತದಿದ್ದರೆ ಇಡೀ ಕೇರಿಗೆ ಸುಳ್ಳು ಸೋಪು ಹಂಚಿದವನೆಂದು ಹೆಸರಾಯಿತು. ನಿಶಿಗೊರಿ ಎಲ್ಲವನ್ನೂ ಕೇಳಿಸಿಕೊಂಡು, ಹಾಗೋ ಎಂದು, ಜನರ ನಡುವೆ ಹೋಗಿ ನಿಂತಳು.

ಬೆಂದ ಅಕ್ಕಿ ಒರಳಿಗೆ ಬಿತ್ತು. ಫುಸಾಯೆ ತೋಳು ಮಡಚಿ, ಕೈ ಒದ್ದೆ ಮಾಡಿ, ಮುಖ ಬಿಳುಚಿಕೊಂಡು ಒರಳಿನ ಪಕ್ಕ ಕೂತಳು. ಮುರೊಯಿ ಅವರು ತೊಮೆಜಿಯ ಕೈ ಹಿಡಿದು ಕರೆತಂದು, ಬಣ್ಣ ಬಳಿದ ಒಂದು ಪುಟ್ಟ ಕೊಡತಿಯನ್ನು ಮುಂದೆ ಹಿಡಿದರು. ಅದು ಮಕ್ಕಳ ಸರದಿಗೆಂದು ಇಟ್ಟದ್ದು, ಸೌಟಿನಷ್ಟು ಹಗುರ. ಮೊದಲ ಏಟು ಬರೀ ಶಕುನಕ್ಕೆ, ಇದರಲ್ಲಿ ಸುಮ್ಮನೆ ಮುಟ್ಟಿಸಿದರೆ ಸಾಕು ಎಂದು ಅವರು ಒತ್ತಿ ಒತ್ತಿ ಹೇಳಿದರು. ಹಿಂದಿದ್ದವರೆಲ್ಲ, ಹೌದು ಹೌದು, ಸಾಕು ಸಾಕು ಎಂದರು. ಯಾವ ಬುದ್ಧಿವಂತನಾದರೂ ಅದನ್ನು ತೆಗೆದುಕೊಂಡು, ಮುದ್ದೆಗೆ ಮುಟ್ಟಿಸಿ, ಚಪ್ಪಾಳೆ ಗಿಟ್ಟಿಸಿ ಬದುಕಿಕೊಳ್ಳುತ್ತಿದ್ದ. ತೊಮೆಜಿಗೆ ಹೊಳೆದದ್ದು ಬೇರೆ. ಇವರಿಗೆ ಸಂಶಯ ಬಂದಿದೆ, ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡ. ಪುಟ್ಟ ಕೊಡತಿಯನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಒರಗಿಸಿದ್ದವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹಿಡಿದ.

ಮುರೊಯಿ ಅವರು ಬೇಡ ಬೇಡ ಎಂದು ಕೈ ಚಾಚುವಷ್ಟರಲ್ಲಿ ಅದು ಅವನ ಎದೆಯ ಮಟ್ಟಕ್ಕೆ ಏರಿತ್ತು. ಅಲ್ಲಿಗೆ ಬಂದು ನಿಂತಿತು. ಬೆನ್ನಿನಲ್ಲಿ ಏನೋ ಸಳಕ್ಕೆಂದಿತು. ಮೇಲೆ ಹೋಗಲೊಲ್ಲದು, ಕೆಳಗೆ ಇಳಿಯಲೊಲ್ಲದು. ಕೊಡತಿ ಹಿಡಿದ ತೊಮೆಜಿ ಬಂದರಿನ ಮುಂದಿನ ಮೀನುಗಾರನ ಕಂಚಿನ ಪ್ರತಿಮೆಯಾಗಿಬಿಟ್ಟ. ಬೆವರು ಮಾತ್ರ ಹಣೆಯಿಂದ ಇಳಿಯುತ್ತಿತ್ತು.

ಫುಸಾಯೆ ಒರಳಿನ ಪಕ್ಕದಿಂದ ಎದ್ದಳು. ಇಷ್ಟು ದಿನ ಗಂಡನ ಪಾಲಿನದನ್ನೂ ಬಾಗಿದವಳು ಈಗ ಎಲ್ಲರಿಗೂ ಸೇರಿಸಿ ಒಮ್ಮೆ ಬಾಗಿದಳು.

"ಇವರ ಬೆನ್ನು ವಾಸಿ ಆಗಿಲ್ಲ. ಸೋಪು ಸುಳ್ಳು. ದಯವಿಟ್ಟು ಯಾರಾದರೂ ಆ ಕೊಡತಿ ಇಳಿಸ್ಕೊಳ್ಳಿ."

ಕಾಮಾಬೊಕೊ ಕೊಟ್ಟು ಹೋಗಲು ಕಾರ್ಖಾನೆಯ ವ್ಯಾನಿನಲ್ಲಿ ಆಗತಾನೆ ಬಂದಿಳಿದಿದ್ದ ಹಿರುಮಾ ಯಜಮಾನರು ರಬ್ಬರ್ ಬೂಟಿನಲ್ಲೇ ಓಡಿಬಂದರು. ಹಿಂದಿನಿಂದ ತೊಮೆಜಿಯ ಬೆನ್ನಿಗೆ ಎದೆ ಕೊಟ್ಟು ನಿಂತು ಕೊಡತಿಗೆ ಕೈ ಹಾಕಿದರು. ಅವನ ಬೆರಳು ಸಡಿಲವಾಗಲಿಲ್ಲ.

"ಬಿಡಯ್ಯಾ ಕುವಾನೊ," ಎಂದರು ಯಜಮಾನರು. "ಅವತ್ತು ಹಲಗೆನೂ ಬಿಡಲಿಲ್ಲ ನೀನು. ಕೊಡತಿನಾದ್ರೂ ಬಿಡು."

ಅವನು ಬಿಟ್ಟ. ನಾಲ್ಕು ಜನ ಸೇರಿ ಅವನನ್ನು ಬೆಂಚಿನ ಮೇಲೆ ಮಲಗಿಸಿದರು. ಕಾಲ್ಬೆರಳು ಆಡಿಸು ಎಂದರೆ ಆಡಿಸಿದ. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಮಲಗಿದಲ್ಲಿಂದಲೇ ಅವನು, ತನ್ನನ್ನು ಕ್ಷಮಿಸಬೇಕು, ಎಲ್ಲರಿಗೂ ಮೋಸ ಮಾಡಿದೆ ಎಂದು ಆಕಾಶಕ್ಕೆ ಹೇಳತೊಡಗಿದ.

ಮುರೊಯಿ ಅವರು ಟೋಪಿ ತೆಗೆದು, ತಲೆ ಕೆರೆದು, ಟೋಪಿ ಹಾಕಿಕೊಂಡರು.

"ನಮಗೆ ಗೊತ್ತಿತ್ತು, ಕುವಾನೊ ಸಾನ್. ನಮ್ಮೂರಲ್ಲಿ ಬಾಗದೇ ಇರೋನು ಅಂದ್ರೆ ಸೊಕ್ಕಿನೋನಾಗಿರ್ಬೇಕು, ಇಲ್ಲ ಬೆನ್ನು ಮುರಿದೋನಾಗಿರ್ಬೇಕು. ನಿಮಗೆ ಸೊಕ್ಕು ಅಂದ್ರೆ ಯಾರು ನಂಬ್ತಾರೆ?"

ತಾನು ಮೊದಲ ದಿನ ನಂಬಿದ್ದೆ ಎಂದು ಕ್ಷೌರದಂಗಡಿಯವನು ತಪ್ಪೊಪ್ಪಿಕೊಂಡ. ಮರುದಿನ ಖಾಲಿ ಪೆಟ್ಟಿಗೆ ಹೊತ್ತು ತಿರುಗುವುದನ್ನು ನೋಡಿ, ಇದು ಬೆನ್ನಿನದೇ ಕಾಟ ಎಂದು ಹೊಳೆಯಿತಂತೆ. ಮತ್ತೆ ಯಾಕೆ ಒಬ್ಬರೂ ಹೇಳಲಿಲ್ಲ ಎಂದು ಫುಸಾಯೆ ಕೇಳಿದಳು. ಹೇಗೆ ಹೇಳುವುದು, ಗುಣವಾಯಿತು ಎಂದು ಗಂಟು ಕಟ್ಟಿ ಕೊಟ್ಟವರ ಎದುರು ಬೆನ್ನು ಹೇಗಿದೆ ಎಂದು ಕೇಳಿದರೆ, ನಿಮ್ಮ ಸೋಪು ನಂಬುವುದಿಲ್ಲ ಎಂದು ಮುಖಕ್ಕೆ ಹೇಳಿದಂತಲ್ಲವೆ ಎಂದರು ಮುರೊಯಿ. ಮೊದಲ ಏಟಿಗೆ ಕರೆಯದಿದ್ದರೂ ಅದೇ ಅವಮಾನ. ಅದಕ್ಕೇ ಸಂಘದವರು ಸಭೆ ಸೇರಿ ಮಕ್ಕಳ ಕೊಡತಿ ಕೊಡುವುದೆಂದು ಗೊತ್ತುಮಾಡಿದ್ದರಂತೆ. ಇಡೀ ಕೇರಿ ಹೀಗೆ ಒಬ್ಬನ ಒಂದು ಪದದ ಸುಳ್ಳನ್ನು ಎತ್ತಿ ಹಿಡಿಯಲು ಬೆನ್ನು ಬಗ್ಗಿಸಿ ದುಡಿಯುತ್ತಿತ್ತು.

ಆಗ ಬೂದು ಶಾಲಿನ ಹೆಂಗಸು ಮುಂದೆ ಬಂದು, ತಾನು ಕಾರ್ಮಿಕ ಕಚೇರಿಯವಳು ಎಂದಳು. ಕ್ಷೌರದಂಗಡಿಯವನ ಬಣ್ಣ ಇಳಿಯಿತು. ಆ ಅಕ್ಕಿಮೂಟೆಗಳು ಬಹಳ ಸಣ್ಣವು, ಅಕ್ಕಿಯೂ ಇರಲಿಲ್ಲ ಎಂದು ತೊದಲಿದ. ಅಜ್ಜಿ ತಮಗೆ ಹಿಮದ ವಿಷಯ ಸರಿಯಾಗಿ ನೆನಪಿಲ್ಲ ಎಂದರು. ನಿಶಿಗೊರಿ ಅವರನ್ನು ಏನೂ ಕೇಳಲಿಲ್ಲ. ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತು ತೊಮೆಜಿಯ ಮುಖ ನೋಡಿದಳು.

"ಕುವಾನೊ ಸಾನ್, ನನ್ನ ಕಂಡ ಕೂಡಲೇ ಕುಂಟೋಕೆ ಶುರು ಮಾಡೋರನ್ನ ನಾನು ತುಂಬಾ ನೋಡಿದ್ದೀನಿ. ನನ್ನ ಕಂಡೂ ಕೊಡತಿ ಎತ್ತಿದೋರು ನೀವೇ ಮೊದಲು. ಇಂಥೋರನ್ನ ಏನು ಮಾಡ್ಬೇಕು ಅಂತ ನಮ್ಮ ನಿಯಮದಲ್ಲಿ ಇಲ್ಲ."

"ವಿಮೆ ನಿಲ್ಲಿಸಿಬಿಡಿ ಅಮ್ಮಾ. ನನ್ನದೇ ತಪ್ಪು."

"ತಪ್ಪು ನಿಮ್ಮದೇ. ಮೂಳೆ ಬಿರುಕು ಬಿಟ್ಟಿರೋದು ನಿಜ ಅಲ್ವಾ? ಸೋಪು ಡಾಕ್ಟರ ಸರ್ಟಿಫಿಕೇಟ್ ಅಲ್ಲ ಅಂತ ಬರೀತೀನಿ. ಇವತ್ತೇ ಆಸ್ಪತ್ರೆಗೆ ಹೋಗಿ ತೋರಿಸ್ಕೊಳ್ಳಿ. ಚಳಿ ಕಳೆಯೋವರೆಗೆ ಕೊಡತಿ ಅಲ್ಲ, ಚಮಚ ಎತ್ತಿದ್ರೂ ನನಗೆ ತಿಳಿಯುತ್ತೆ."

ಯಜಮಾನರು ಮಾತ್ರ ಪೆಚ್ಚಾಗಿ ನಿಂತಿದ್ದರು. ಊರಿಗೆಲ್ಲ ಗೊತ್ತಿದ್ದದ್ದು ತಮಗೊಬ್ಬರಿಗೆ ಹೇಗೆ ತಿಳಿಯಲಿಲ್ಲ ಎಂದು ಅವರು ಮುರೊಯಿ ಅವರನ್ನು ಕೇಳಿದರು. ಮುರೊಯಿ ಅವರ ಹೆಂಡತಿ ಯಜಮಾನರ ಮೈಯ ಘಮಕ್ಕೆ ಮೆಲ್ಲಗೆ ಮೂಗೆಳೆದು, ನೀವು ಸೋಪು ಬಳಸಿಬಿಟ್ಟಿರಾ ಎಂದು ಕೇಳಿದರು. ನಾವು ಯಾರೂ ಗಂಟು ಬಿಚ್ಚಿಲ್ಲ ಎಂದರು.

ಅದು ನಿಜವೇ ಆಗಿತ್ತು. ಡಾಕ್ಟರು ಬೆನ್ನಿಗೆ ಹೆಚ್ಚಿನ ಪೆಟ್ಟಾಗಿಲ್ಲವೆಂದು ಹೇಳಿ, ಬೇಕಾದಷ್ಟು ಬೈದು ಕಳಿಸಿದ ಮೇಲೆ, ಸಂಜೆಯ ಹೊತ್ತಿಗೆ ಕೇರಿಯವರು ಒಬ್ಬೊಬ್ಬರಾಗಿ ತೊಮೆಜಿಯ ಮನೆಗೆ ಬಂದರು. ಒಂದು ಕೈಯಲ್ಲಿ ಮೋಚಿ, ಇನ್ನೊಂದರಲ್ಲಿ ಸೋಪಿನ ಡಬ್ಬಿ. ಕೆಂಪು ಬಿಳಿ ಗಂಟು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ನಿಜವಾಗಿ ಗುಣವಾದ ದಿನ ಬಿಚ್ಚೋಣ ಎಂದು ಪ್ರತಿಯೊಬ್ಬರೂ ಬುದ್ಧನ ಗೂಡಿನ ಕೆಳಗೋ ಬೀರುವಿನ ಮೇಲೋ ಎತ್ತಿಟ್ಟಿದ್ದರು. ಇದು ನಿಮ್ಮ ಹತ್ತಿರವೇ ಇರಲಿ, ಆ ದಿನ ಬಂದಾಗ ಕೊಡಿ, ಕರಬೂಜದ ಯೋಚನೆ ಮಾತ್ರ ಮಾಡಬೇಡಿ ಎಂದು ಇಟ್ಟು ಹೋದರು. ಬಾಗಿಲಲ್ಲಿ ಯಾರೂ ಬಾಗಲಿಲ್ಲ. ಅವನಿಗೆ ಬಾಗಬೇಕೆನಿಸಬಾರದು ಎಂದು ಎಲ್ಲರೂ ಲಾಂದ್ರದ ಕಂಬದ ಹಾಗೆ ನೆಟ್ಟಗೆ ನಿಂತು, ಕಣ್ಣು ಪಿಳುಕಿಸಿ ಹೋದರು. ಅದನ್ನು ನೋಡಿ ತೊಮೆಜಿ ಅತ್ತುಬಿಟ್ಟ. ಫುಸಾಯೆ ನಗುತ್ತಾ ಅವನ ಮುಖ ಒರೆಸಿದಳು, ತಾನೂ ಒರೆಸಿಕೊಂಡಳು.

ಕೊನೆಗೆ ಬಂದವರು ಯಜಮಾನರು. ಅಂಥದ್ದೇ ಹೊಸ ಡಬ್ಬಿ ಕೊಂಡು, ಹಳೆಯ ದಾರ ಸುತ್ತಿ ತಂದಿದ್ದರು. ಕಟ್ಟಿದ್ದು ಮಾತ್ರ ಮೀನುದೋಣಿಯ ಹಗ್ಗದ ಗಂಟು.

ಚಳಿ ಕಳೆಯಿತು. ಡಾಕ್ಟರು ಬೆಲ್ಟು ಬಿಚ್ಚಿಸಿ, ಇನ್ನು ಕೆಲಸಕ್ಕೆ ಹೋಗಬಹುದು ಎಂದರು. ತೊಮೆಜಿ ಅದೇ ಕೋಟು ತೊಟ್ಟು, ಅದೇ ಸೋಪುಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಮನೆಗೆ ಹೋದ. ಪ್ರತಿ ಬಾಗಿಲಲ್ಲೂ ಬಾಗಿದ. ಮುರೊಯಿ ಅವರ ಹೆಂಡತಿ 'ಅಯ್ಯೋ, ಮೊದಲಿನ ಸಿಗಡಿ ಬೆನ್ನೇ ಬಂತಲ್ಲ' ಎಂದು ಕಣ್ಣೊರೆಸಿಕೊಂಡರಂತೆ. ಯಜಮಾನರು ದಾರ ಬಿಚ್ಚುವ ಮುಂಚೆ ಅವನನ್ನು ಇನ್ನೆರಡು ಸಲ ಬಾಗಿಸಿ ನೋಡಿದರು.

ಚೀಲದಲ್ಲಿ ಉಳಿದ ಒಂದು ಹೊಸ ಡಬ್ಬಿಯನ್ನು ಹಿಡಿದು ಅವನು ಕಾರ್ಮಿಕ ಕಚೇರಿಗೆ ಹೋದ. ಸರಕಾರಿ ಕೆಲಸದವರು ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ ಎಂದು ನಿಶಿಗೊರಿ ಕೈ ಅಡ್ಡ ಮಾಡಿದಳು. ಸರಿ ಎಂದು ತೊಮೆಜಿ ಡಬ್ಬಿಯನ್ನು ತಾನೇ ಬಗ್ಗಿ ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟ ಮಡಿಸಿ ಬಾಗಿದ. ಕಚೇರಿಯವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಅವಳೂ ಎದ್ದು ಬಾಗಿ, ನೆಟ್ಟಗಾಗಿ, ಅವನು ಏಳುವುದನ್ನು ಕಾದಳು. ಅವನು ಏಳಲಿಲ್ಲ.

"ಹಾಗಾದರೆ ಗುಣ ಆಗಿದೆ ಅಂತ ಬರ್ಕೊಳ್ಳಲಾ?"

"ಪೂರ್ತಿ," ಎಂದಿತು ಕೆಳಗಿನಿಂದ ತೊಮೆಜಿಯ ದನಿ.

ನಿಶಿಗೊರಿಗೆ ಸ್ವಲ್ಪ ಗಾಬರಿಯಾಯಿತು. "ಏಳೋಕೆ ಆಗ್ತಿಲ್ವಾ, ಕುವಾನೊ ಸಾನ್?"

"ಆಗುತ್ತೆ ಅಮ್ಮಾ. ಸ್ವಲ್ಪ ಇರಿ, ಇಷ್ಟು ದಿನದ್ದು ಬಾಕಿ ಇದೆ."